ಪೆಟ್ಟು ತಿಂದವರೆಲ್ಲ ಪೆಟ್ಟು ಕೊಡುವವರಲ್ಲ
ಬಾಲ್ಯದಲ್ಲಿ ಪೆಟ್ಟು ತಿಂದವರು ತಮ್ಮ ಮಕ್ಕಳನ್ನೂ ಹೊಡೆದೇ ತೀರುತ್ತಾರೆಂಬ, ಈಚೆಗೆ ಅಚ್ಚಾದ ಲೇಖನವೊಂದರ ವಾದವು, ದೌರ್ಜನ್ಯದ ತಲೆಮಾರು ವರ್ಗಾವಣೆಯನ್ನು, ಅಂದರೆ ಹೆತ್ತವರು ಉಂಡ ಹಿಂಸೆ ಮಕ್ಕಳ ಮೇಲೆ ಮರುಕಳಿಸುವುದನ್ನು, ಹಣೆಬರಹವೆಂದೇ ಓದಿದೆ. ಸಂಶೋಧಕರಾದ ಜೋನ್ ಕಾಫ್‌ಮನ್ ಮತ್ತು ಎಡ್ವರ್ಡ್ ಜಿಗ್ಲರ್ 1987ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ ಈ ಮರುಕಳಿಕೆಯ ಪ್ರಮಾಣವನ್ನು ಸುಮಾರು ಶೇ. 30 ಎಂದು ಅಂದಾಜಿಸಿದ್ದರು; ಉಳಿದ ಬಹುಪಾಲು ಜನ ಆ ಲೇಖನ ಬರೆದವರ ಕಣ್ಣಿಗೆ ಬೀಳದಿರುವುದು ಸೋಜಿಗ. ಹೊನ್ನವಳ್ಳಿಯಂಥ ತೆಂಗಿನ ಸೀಮೆಯಲ್ಲಿ ಗರಿಕಡ್ಡಿಯ ಬಾಸುಂಡೆ ಹೊತ್ತು ಬೆಳೆದ ಹುಡುಗಿ ತಾಯಾದ ಮೇಲೆ, ಮಗು ಹಟ ಹಿಡಿದು ಅತ್ತಾಗ ಕೈ ಎತ್ತುವ ಬದಲು ಮರಗಟ್ಟಿ ನಿಲ್ಲಬಹುದು, ಗದರಲೂ ಹೆದರಬಹುದು. ಇದೂ ಹಳೆಯ ಹಿಂಸೆಯ ಪರಿಣಾಮವೇ ಹೊರತು ಹೊಸ ಹಿಂಸೆಯಲ್ಲ. ಸಂಶೋಧಕ ಬೈರನ್ ಎಗೆಲ್ಯಾಂಡ್ ಮತ್ತು ಸಂಗಡಿಗರು 1988ರಲ್ಲಿ ಗುರುತಿಸಿದಂತೆ, ಹಿಂಸೆಯನ್ನು ಮುಂದುವರಿಸದ ತಾಯಂದಿರಿಗೆ ಬಾಲ್ಯದಲ್ಲಿ ಆಸರೆಯಾದ ಹಿರಿಯರೊಬ್ಬರು, ಮನೋಚಿಕಿತ್ಸೆ ಅಥವಾ ಒತ್ತಾಸೆಯಾಗಿ ನಿಂತ ಸಂಗಾತಿ ಹೆಚ್ಚಾಗಿ ದೊರೆತಿದ್ದರು. ಅಂಥ ತಾಯಿಯನ್ನು ಮುಂಚಿತವಾಗಿಯೇ ಅಪರಾಧಿಯೆನ್ನುವ ಬರಹ, ನೆರವು ಕೇಳಬೇಕಾದ ಬಾಯನ್ನೇ ಮುಚ್ಚಿಸುತ್ತದೆ.