ದಾರದ ತೂಕ ಎಷ್ಟು ಗುಲಗಂಜಿ?

ಪುಟ್ಟ ಗೆಳೆಯರೇ, ಗೆಳತಿಯರೇ, ಅವರ ಪಕ್ಕದಲ್ಲಿ ಕನ್ನಡಕ ಹುಡುಕುತ್ತಾ ಕುಳಿತಿರುವ ಅಜ್ಜ ಅಜ್ಜಿಯರೇ,

ಹೋದ ವರ್ಷ ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವಳೂ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅವಳಿರುವ ಊರಿನ ಹೆಸರು ಸ್ಟೇಟ್ ಕಾಲೇಜ್. ಕಾಲೇಜಿನ ಹೆಸರಲ್ಲ, ಊರಿಗೇ ಆ ಹೆಸರು! ಅಲ್ಲಿಗೆ ಹತ್ತಿರದಲ್ಲೇ ಸ್ಪ್ರಿಂಗ್ ಕ್ರೀಕ್ ಎಂಬ ಹೊಳೆ ಹರಿಯುತ್ತದೆ. ಸುಣ್ಣಕಲ್ಲಿನ ನೆಲದಡಿಯಿಂದ ಉಕ್ಕುವ ಒರತೆಗಳು ಅದನ್ನು ಸೇರುವುದರಿಂದ ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ. ತಣ್ಣೀರೇ ಬೇಕೆನ್ನುವ ಟ್ರೌಟ್ ಎಂಬ ಮೀನಿಗೆ ಅದು ತವರು.

ಪಕ್ಕದ ಮನೆಯ ಹಿರಿಯರೊಬ್ಬರು ನನ್ನ ಮೊಮ್ಮಗನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಒಂದು ಗಾಳದ ಕೋಲು ಕೊಟ್ಟಿದ್ದರು. ಏಳೂವರೆ ಅಡಿ ಉದ್ದ, ಕೈಯಲ್ಲಿ ಹಿಡಿದರೆ ನವಿಲುಗರಿಯಷ್ಟು ಹಗುರ. ಹುಡುಗನ ಸಂಭ್ರಮ ಕೇಳಬೇಡಿ. ಕೋಲಿನ ಜೊತೆ ದಾರ ಇರಲಿಲ್ಲ. ಅಪ್ಪನ ಹಳೆಯ ರೀಲು ಅಟ್ಟದಲ್ಲಿತ್ತು. ಅದನ್ನೇ ಸಿಕ್ಕಿಸಿಕೊಂಡು ಹೊಳೆಗೆ ಹೋದ.

ಸಂಜೆ ವಾಪಸು ಬಂದಾಗ ಮುಖ ಸಪ್ಪೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, “ನಂಗೆ ಇದು ಬರೋದಿಲ್ಲ ಬಿಡು ಅಜ್ಜ. ನನ್ನ ಕೈನೇ ಸರಿ ಇಲ್ಲ” ಅಂದ.

ಮಕ್ಕಳ ಬಾಯಲ್ಲಿ ಈ ಮಾತು ಕೇಳಿದರೆ ನನಗೆ ಹೊಟ್ಟೆ ಚುರ್ ಎನ್ನುತ್ತದೆ. ಮೂವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. “ನಂಗೆ ಲೆಕ್ಕ ಬರೋದಿಲ್ಲ” ಎಂದ ಮಕ್ಕಳಲ್ಲಿ ಎಷ್ಟೋ ಜನರಿಗೆ ಬರದೆ ಇದ್ದದ್ದು ಲೆಕ್ಕವಲ್ಲ. ಪುಸ್ತಕದಲ್ಲಿ ಹಿಂದಿನ ಒಂದು ಹಾಳೆ ತಪ್ಪಿಹೋಗಿರುತ್ತಿತ್ತು, ಅಷ್ಟೇ. “ತಡಿ ಮಾರಾಯ, ಎಲ್ಲಿ ತಪ್ಪಿದೆ ನೋಡೋಣ” ಎಂದು ಅವನನ್ನು ಹೊರಡಿಸಿಕೊಂಡು ಹೊಳೆಗೆ ಹೋದೆ.

ನಮ್ಮ ಗಾಳ, ಅವರ ಗಾಳ

ನಾನು ಮಲೆನಾಡಿನವನು. ಚಿಕ್ಕಂದಿನಲ್ಲಿ ಮನೆಯವರ ಕಣ್ಣು ತಪ್ಪಿಸಿ ಬಿದಿರು ಕೋಲು, ದಾರ, ಗಾಳ, ಎರೆಹುಳು ಹಿಡಿದು ಗದ್ದೆಯ ಕಾಲುವೆಗೆ ಹೋಗುತ್ತಿದ್ದೆ. ಗಾಳದ ಮೇಲೆ ಒಂದು ಚೂರು ಸೀಸ ಕಟ್ಟುತ್ತಿದ್ದೆವು. ಬೀಸಿದರೆ ಸೀಸ ಮುಂದೆ ಹಾರುತ್ತಿತ್ತು, ದಾರ ಅದರ ಹಿಂದೆ ಬಾಲದಂತೆ ಹೋಗುತ್ತಿತ್ತು.

ಮೊಮ್ಮಗನ ಗಾಳ ಹಾಗಲ್ಲ. ಇದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಸಣ್ಣ ಕೊಕ್ಕೆಗೆ ನೂಲು, ಹಕ್ಕಿಯ ಪುಕ್ಕ ಸುತ್ತಿ ನೊಣದಂತೆ ಕಾಣುವ ಹಾಗೆ ಮಾಡಿರುತ್ತಾರೆ. ಅದೇ ‘ಫ್ಲೈ’. ನೀರಿನ ಮೇಲೆ ಕೂರುವ ಹುಳ ಎಂದುಕೊಂಡು ಟ್ರೌಟ್ ಅದಕ್ಕೆ ಬಾಯಿ ಹಾಕಬೇಕು. ಆದರೆ ಆ ಫ್ಲೈಗೆ ತೂಕವೇ ಇಲ್ಲ. ಹತ್ತಿಯ ಎಳೆಯನ್ನು ಮೂವತ್ತು ಅಡಿ ದೂರ ಎಸೆದು ನೋಡಿ, ಮೂಗಿನ ಮುಂದೆಯೇ ಬೀಳುತ್ತದೆ!

ಮತ್ತೆ ಅದು ದೂರ ಹೋಗುವುದು ಹೇಗೆ? ಇಲ್ಲಿ ದಾರವೇ ಭಾರ. ದಪ್ಪನೆಯ ದಾರವನ್ನು ಚಾಟಿಯಂತೆ ಹಿಂದಕ್ಕೆ ಬೀಸಬೇಕು. ಅದು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ಒಂದು ಕ್ಷಣ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಬೇಕು. ದಾರದ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗುತ್ತದೆ. ಬಿಲ್ಲು ನೆಟ್ಟಗಾಗುವಾಗ ದಾರ ಸುರುಳಿ ಬಿಚ್ಚಿಕೊಂಡು ಹಾರುತ್ತದೆ, ಫ್ಲೈ ಅದರ ತುದಿಯಲ್ಲಿ ಸವಾರಿ ಮಾಡುತ್ತದೆ.

ಅಂದಮೇಲೆ ದಾರ ತೀರಾ ಹಗುರವಾದರೆ ಕೋಲು ಬಾಗುವುದಿಲ್ಲ. ತೀರಾ ಭಾರವಾದರೆ ಕೋಲು ಬಾಗಿದ್ದು ಏಳುವುದೇ ಇಲ್ಲ. ನಮ್ಮ ಹುಡುಗನ ಕೋಲು ಒದ್ದೆ ಪೊರಕೆಯಂತೆ ಜೋತುಬೀಳುತ್ತಿತ್ತು. ದಾರ ನೀರಿಗೆ ಚಪ್ ಎಂದು ಬಡಿಯುತ್ತಿತ್ತು. ಆ ಸದ್ದಿಗೆ ಯಾವ ಮೀನು ನಿಂತೀತು?

ಅಡುಗೆಮನೆಯ ತಕ್ಕಡಿ

ಕೋಲಿನ ಹಿಡಿಯ ಮೇಲೆ ಸಣ್ಣ ಅಕ್ಷರದಲ್ಲಿ ‘3’ ಎಂದು ಬರೆದಿತ್ತು. ಪಕ್ಕದ ಮನೆಯ ಹಿರಿಯರು ಅದರ ಅರ್ಥ ಹೇಳಿದರು. ಇದು ಮೂರನೇ ನಂಬರ್ ದಾರ ಬೇಡುವ ಕೋಲು. ದಾರದ ನಂಬರ್ ಎಂದರೆ ಅದರ ಮೊದಲ 30 ಅಡಿಯ ತೂಕ. ಅದನ್ನು ಗ್ರೇನ್ ಎಂಬ ಹಳೆಯ ಇಂಗ್ಲಿಷ್ ಅಳತೆಯಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಕಾಳು. ಬಾರ್ಲಿ ಕಾಳಿನಿಂದ ಬಂದ ತೂಕ ಅದು. 2ನೇ ನಂಬರಿಗೆ 80 ಗ್ರೇನ್, 3ಕ್ಕೆ 100, 4ಕ್ಕೆ 120, 5ಕ್ಕೆ 140, 6ಕ್ಕೆ 160. ನಾಲ್ಕಾರು ಗ್ರೇನ್ ಹೆಚ್ಚುಕಡಿಮೆ ಆದರೆ ನಡೆಯುತ್ತದೆ.

ಕಾಳಿನ ತೂಕ ಎಂದಾಗ ನನಗೆ ನಮ್ಮೂರ ಅಕ್ಕಸಾಲಿಗರ ತಕ್ಕಡಿ ನೆನಪಾಯಿತು. ಅವರು ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರು. ಬ್ರಿಟಿಷರ ಕಾಲದ ಸರಕಾರಿ ತೊಲಕ್ಕೆ 180 ಗ್ರೇನ್. ಅದೇ ತೊಲಕ್ಕೆ 96 ಗುಲಗಂಜಿ. ಹಾಗಾದರೆ ಮೂರನೇ ನಂಬರಿನ ಮೂವತ್ತು ಅಡಿ ದಾರ ಸುಮಾರು 53 ಗುಲಗಂಜಿ, ಅಂದರೆ ಅರ್ಧ ತೊಲಕ್ಕಿಂತ ಒಂದಿಷ್ಟು ಹೆಚ್ಚು. “ಒಂದು ಉಂಗುರದಷ್ಟು!” ಎಂದಳು ನಮ್ಮ ಮನೆಯವಳು.

ಅಪ್ಪನ ರೀಲಿನಲ್ಲಿದ್ದ ದಾರ ಎಷ್ಟನೆಯ ನಂಬರ್? ಪೆಟ್ಟಿಗೆ ಎಂದೋ ಕಳೆದುಹೋಗಿತ್ತು. ಮಗಳು ಬ್ರೆಡ್ ಮಾಡುವಾಗ ಯೀಸ್ಟ್ ತೂಗುವ ಪುಟ್ಟ ತಕ್ಕಡಿಯನ್ನು ಊಟದ ಮೇಜಿನ ಮೇಲಿಟ್ಟೆವು. ಅಜ್ಜಿ ಟೇಪು ಹಿಡಿದಳು. ಮೊಮ್ಮಗ ಮೂವತ್ತು ಅಡಿ ಅಳೆದು ಸುರುಳಿ ಸುತ್ತಿ ತಕ್ಕಡಿಯ ಮೇಲಿಟ್ಟ. ಉಳಿದ ದಾರ ಎಳೆಯದ ಹಾಗೆ ನಾನು ಪಕ್ಕದಲ್ಲಿ ಎತ್ತಿ ಹಿಡಿದೆ. ತಕ್ಕಡಿ 10.4 ಗ್ರಾಂ ತೋರಿಸಿತು. ಒಂದು ಗ್ರೇನ್ ಎಂದರೆ 0.0648 ಗ್ರಾಂ. ಹುಡುಗ ಭಾಗಿಸಿದ. ಉತ್ತರ ಬರುತ್ತಿದ್ದಂತೆ ಕುರ್ಚಿಯಿಂದ ಹಾರಿ ನಿಂತ. “ನೂರಾ ಅರವತ್ತು! ಅಜ್ಜ, ಇದು ಆರನೇ ನಂಬರ್!”

ಅಪ್ಪ ಹಿಂದೆ ಕೆರೆಯಲ್ಲಿ ದೊಡ್ಡ ಮೀನಿಗೆಂದು ತಂದಿದ್ದ ದಾರ ಅದು. ಬೇಕಾದದ್ದು 100, ಹೊರಿಸಿದ್ದು 160. ಕರುವಿನ ಹೆಗಲಿಗೆ ಎತ್ತಿನ ನೊಗ. ಹುಡುಗ ತನ್ನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಮೂರು ದಿನದ ನಂತರ ಮೊದಲ ಸಲ ನಕ್ಕ.

ಅಂಗಡಿಯಲ್ಲಿ ಮೂರು ಪ್ರಶ್ನೆ

ಮರುದಿನ ಹೊಸ ದಾರ ತರಲು ಹೋದೆವು. ಗೋಡೆಯ ತುಂಬ ಪೆಟ್ಟಿಗೆಗಳು, ಹಸಿರು, ಹಳದಿ, ಕಿತ್ತಳೆ ಬಣ್ಣದ ದಾರಗಳು. ಪೆಟ್ಟಿಗೆಯ ಮೇಲೆ ಡಿಟಿ3ಎಫ್, ಡಬ್ಲ್ಯೂಎಫ್4ಎಫ್ ಎಂದೆಲ್ಲ ಗುಟ್ಟಿನ ಭಾಷೆ. ಬಿಡಿಸಿದರೆ ಇರುವುದು ಮೂರೇ ಪ್ರಶ್ನೆ: ಆಕಾರ ಯಾವುದು, ತೂಕ ಎಷ್ಟು, ತೇಲುತ್ತದೋ ಮುಳುಗುತ್ತದೋ.

ತೂಕ ಗೊತ್ತಾಗಿತ್ತು, ಮೂರು. ಇಲ್ಲೊಂದು ಎಚ್ಚರ. ಈಗ ಕೆಲವರು ಪೆಟ್ಟಿಗೆಯ ಮೇಲೆ 3 ಎಂದು ಬರೆದು ಒಳಗೆ ಅರ್ಧ ನಂಬರಿನಷ್ಟು ಹೆಚ್ಚು ಭಾರದ ದಾರ ಇಡುವುದುಂಟು. ಗ್ರೇನ್ ಎಷ್ಟೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ಓದಬೇಕು. ಅದೇನು ಮೋಸವಲ್ಲ. ಸಣ್ಣ ತೊರೆಯಲ್ಲಿ ಮೂವತ್ತು ಅಡಿ ದಾರ ಹೊರಗೆ ಬರುವುದೇ ಅಪರೂಪ, ಹದಿನೈದೋ ಇಪ್ಪತ್ತೋ ಅಡಿ ಬಂದರೆ ಹೆಚ್ಚು. ಆಗ ಕೋಲಿಗೆ ಸಿಗುವ ಭಾರ ಕಡಿಮೆ. ಅಂಥ ಕಡೆ ಒಂದು ನಂಬರ್ ಮೇಲಿನ ದಾರ ಬಳಸುವವರೂ ಇದ್ದಾರೆ. ಆದರೆ ಮೂರು ನಂಬರ್ ಜಿಗಿಯಬಾರದು!

ತೇಲುವುದೋ ಮುಳುಗುವುದೋ? ತೇಲುವುದೇ. ಹುಳ ಕೂರುವುದು ನೀರಿನ ಮೇಲೆ, ಮೊದಲು ಕಲಿಯುವವರಿಗೆ ದಾರ ಕಣ್ಣಿಗೂ ಕಾಣಬೇಕು. ದಾರ ತೇಲುವ ಗುಟ್ಟು ಗೊತ್ತೇ? ಹೊರಗಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಒಳಗೆ ಟೊಳ್ಳಾದ ಗಾಜಿನ ಗುಳ್ಳೆಗಳನ್ನು ಬೆರೆಸಿರುತ್ತಾರೆ.

ಆಕಾರದಲ್ಲಿ ಎರಡು ಮುಖ್ಯ ಬಗೆ. ‘ಡಬ್ಲ್ಯೂಎಫ್’ ದಾರದ ಭಾರವೆಲ್ಲ ಮುಂದಿನ ಭಾಗದಲ್ಲಿ, ಹಿಂದೆ ಸಪೂರ. ದೂರ ಎಸೆಯಲು, ಗಾಳಿಯ ಎದುರು ಬೀಸಲು ಅದು ಸಲೀಸು. ‘ಡಿಟಿ’ ದಾರ ಎರಡೂ ತುದಿಯಲ್ಲಿ ಸಪೂರ, ನಡುವೆ ದಪ್ಪ. ಒಂದು ತುದಿ ಸವೆದರೆ ರೀಲಿನಲ್ಲಿ ತಿರುಗಿಸಿ ಸುತ್ತಿ ಇನ್ನೊಂದು ತುದಿ ಬಳಸಬಹುದು. ನಾವು ಪಂಚೆಯ ಒಂದು ಅಂಚು ಸವೆದರೆ ಇನ್ನೊಂದು ಅಂಚು ಕೆಳಗೆ ಬರುವಂತೆ ತಿರುಗಿಸಿ ಉಡುತ್ತಿದ್ದೆವಲ್ಲ, ಹಾಗೆ.

ಅಂಗಡಿಯ ಹುಡುಗ ಡಬ್ಲ್ಯೂಎಫ್ ತೋರಿಸಿ “ತುಂಬಾ ದೂರ ಹೋಗುತ್ತೆ” ಅಂದ. ಮೊಮ್ಮಗನ ಕಣ್ಣು ಅರಳಿತು. ನಾನು ಒಂದೇ ಮಾತು ಕೇಳಿದೆ: “ನಿನ್ನ ಮೀನು ಎಷ್ಟು ದೂರದಲ್ಲಿದೆ?” ಅವನು ಯೋಚಿಸಿದ. ಅವನು ಗಾಳ ಹಾಕುವ ಜಾಗದಲ್ಲಿ ಆಚೆ ದಡವೇ ಹತ್ತು ಹೆಜ್ಜೆ. “ಡಿಟಿ ಸಾಕು ಅಜ್ಜ” ಎಂದು ತಾನೇ ಆರಿಸಿದ. ಅವನು ಕೆರೆಗೆ ಹೋಗುವವನಾಗಿದ್ದರೆ ಮೊದಲಿನದೇ ಸರಿಯಾಗುತ್ತಿತ್ತು.

ಕುದುರೆ ಬಾಲದಿಂದ ಇಲ್ಲಿಯವರೆಗೆ

ಐಸಾಕ್ ವಾಲ್ಟನ್ ಎಂಬ ಇಂಗ್ಲಿಷರು 1653ರಲ್ಲಿ ಗಾಳದ ಮೇಲೆ ಹೆಸರಾಂತ ಪುಸ್ತಕ ಬರೆದರು. ಆಗ ದಾರ ಎಂದರೆ ಕುದುರೆ ಬಾಲದ ಕೂದಲು ಹೊಸೆದದ್ದು. ಆಮೇಲೆ ರೇಷ್ಮೆ ಬಂತು. ರೇಷ್ಮೆ ಹೆಣೆದು ಅಗಸೆ ಎಣ್ಣೆ ಕುಡಿಸುತ್ತಿದ್ದರು. ತೇಲಲೆಂದು ಕೊಬ್ಬು ಸವರಬೇಕು, ಮನೆಗೆ ಬಂದ ಮೇಲೆ ಬಿಚ್ಚಿ ಒಣಗಿಸಬೇಕು. ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಕೂಡ ಭಾರತದ ಮೀನು ಮತ್ತು ಗಾಳದ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ದಪ್ಪ ಪುಸ್ತಕ ಬರೆದರು. ಅದು 1873ರಲ್ಲಿ ಹೊರಬಂದದ್ದು ಮಂಗಳೂರಿನಿಂದ!

ಆ ಕಾಲದ ರೇಷ್ಮೆ ದಾರಗಳನ್ನು ದಪ್ಪ ನೋಡಿ ಆರಿಸುತ್ತಿದ್ದರು. ಎಲ್ಲವೂ ರೇಷ್ಮೆಯಾದ್ದರಿಂದ ದಪ್ಪ ಒಂದೇ ಆದರೆ ತೂಕವೂ ಹೆಚ್ಚುಕಡಿಮೆ ಒಂದೇ. ನೈಲಾನ್, ಪ್ಲಾಸ್ಟಿಕ್ ಬಂದಾಗ ಈ ಲೆಕ್ಕ ಕೆಟ್ಟಿತು. ನೋಡಲು ಒಂದೇ ದಪ್ಪ, ತೂಗಿದರೆ ಬೇರೆ ಬೇರೆ. ಹಾಗಾಗಿ 1960ರ ಆಸುಪಾಸಿನಲ್ಲಿ ಅಮೆರಿಕದ ತಯಾರಕರು ಕೂಡಿ, ಕಣ್ಣಳತೆ ಬಿಟ್ಟು ತಕ್ಕಡಿಯ ಅಳತೆಗೆ ಬಂದರು. ಈಗಿನ ನಂಬರುಗಳು ಹುಟ್ಟಿದ್ದು ಹಾಗೆ.

ಹೊಳೆಯ ದಡದಲ್ಲಿ

ಎರಡು ದಿನ ಅಂಗಳದ ಹುಲ್ಲಿನ ಮೇಲೆ ಅಭ್ಯಾಸ ನಡೆಯಿತು, ಕೊಕ್ಕೆ ಇಲ್ಲದೆ, ತುದಿಗೆ ಉಣ್ಣೆಯ ಚೂರು ಕಟ್ಟಿ. ಹಿಂದಕ್ಕೆ ಬೀಸಿ ಕಾಯುವುದನ್ನು ಅವನು ಮರೆತಾಗೆಲ್ಲ ನಾನು “ಒಂದು… ಎರಡು…” ಎಂದು ಎಣಿಸುತ್ತಿದ್ದೆ.

ಮೂರನೆಯ ಸಂಜೆ ಎಲ್ಲರೂ ಹೊಳೆಗೆ ಹೋದೆವು. ಪೆನ್ಸಿಲ್ವೇನಿಯಾದಲ್ಲಿ ಹದಿನಾರು ತುಂಬಿದವರಿಗೆ ಗಾಳ ಹಾಕಲು ಲೈಸೆನ್ಸ್ ಬೇಕು. ಮೊಮ್ಮಗನಿಗೆ ಬೇಡ, ನನಗೆ ಬೇಕು! ಹಾಗಾಗಿ ನಾನು ಕಲ್ಲಿನ ಮೇಲೆ ಕುಳಿತೆ. ಅಲ್ಲಿ ಹಿಡಿದ ಟ್ರೌಟನ್ನು ಕೈ ಒದ್ದೆ ಮಾಡಿಕೊಂಡು ಬಿಡಿಸಿ, ಮತ್ತೆ ನೀರಿಗೇ ಬಿಡಬೇಕು. “ಬಿಡೋದಾದ್ರೆ ಹಿಡಿಯೋದ್ಯಾಕೆ? ನಾವು ಶೃಂಗೇರಿಯಲ್ಲಿ ಮೀನಿಗೆ ಮಂಡಕ್ಕಿ ಹಾಕೋರು” ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು. ಅವಳಿಗೆ ಒಪ್ಪಿಗೆಯಾಗುವ ಉತ್ತರ ನಮ್ಮಿಬ್ಬರಲ್ಲೂ ಇರಲಿಲ್ಲ. ಕೊಕ್ಕೆಯ ಮುಳ್ಳನ್ನು ಮಾತ್ರ ಹುಡುಗ ಇಕ್ಕಳದಿಂದ ಒತ್ತಿ ನುಣ್ಣಗೆ ಮಾಡಿಕೊಂಡಿದ್ದ. ಮೀನಿಗೆ ನೋವು ಕಡಿಮೆಯಾಗಲಿ ಎಂದು.

ಕೋಲು ಹಿಂದೆ ಹೋಯಿತು, ಕಾಯಿತು, ಮುಂದೆ ಬಂತು. ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಸದ್ದಿಲ್ಲದೆ ನೀರಿನ ಮೇಲೆ ಮಲಗಿತು. ಅದರ ಮುಂದೆ ಫ್ಲೈ ಎಲೆ ಬಿದ್ದಂತೆ ಕೂತಿತು. ಆಳದಿಂದ ಕಂದು ಬಣ್ಣದ ಟ್ರೌಟ್ ಒಂದು ಮೇಲೆ ಬಂತು, ಮೂತಿ ತಾಗುವಷ್ಟು ಹತ್ತಿರ ಬಂದು ನೋಡಿತು, ತಿರುಗಿ ಹೋಯಿತು.

“ಜಾಣ ಮೀನು!” ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು.

“ಬಂತಲ್ಲ ಅಜ್ಜ! ಬಂತಲ್ಲ!” ಎಂದು ಹುಡುಗ ಕುಣಿದ. ಅವನು ಹೇಳಿದ್ದು ಮೀನು ಬಂತು ಎಂದೋ, ಬೀಸಲು ಬಂತು ಎಂದೋ ನಾನು ಕೇಳಲಿಲ್ಲ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಮಗು “ನಂಗೆ ಬರೋದಿಲ್ಲ” ಎಂದು ಯಾವುದನ್ನಾದರೂ ಮೂಲೆಗಿಟ್ಟಿದ್ದರೆ, ಒಮ್ಮೆ ಅದನ್ನು ತಕ್ಕಡಿಯ ಮೇಲಿಟ್ಟು ನೋಡಿ.

ಮಾಡಿ ನೋಡಿ: ಒಂದು ಮಾರು ಹೊಲಿಗೆ ನೂಲಿನ ತುದಿಗೆ ಹತ್ತಿಯ ಉಂಡೆ ಕಟ್ಟಿ ಬೀಸಿ. ಅದೇ ಉಂಡೆಯನ್ನು ಅಷ್ಟೇ ಉದ್ದದ ಸ್ಕಿಪ್ಪಿಂಗ್ ಹಗ್ಗದ ತುದಿಗೆ ಕಟ್ಟಿ ಬೀಸಿ. ಯಾವುದು ನೆಟ್ಟಗೆ ಮುಂದೆ ಹೋಯಿತು? ಹತ್ತಿರ ಯಾರೂ ಇಲ್ಲದ ಕಡೆ ಆಡಿ.

ಈ ವಾರದ ಲೆಕ್ಕ: 180 ಗ್ರೇನಿಗೆ 96 ಗುಲಗಂಜಿ. ನಾಲ್ಕನೇ ನಂಬರಿನ ದಾರದ ಮೊದಲ 30 ಅಡಿ 120 ಗ್ರೇನ್. ಹಾಗಾದರೆ ಎಷ್ಟು ಗುಲಗಂಜಿ? ಈ ಸಲ ಉತ್ತರ ಪೂರ್ಣಾಂಕದಲ್ಲೇ ಬರುತ್ತದೆ. ಮೊದಲು ಮೊಮ್ಮಕ್ಕಳು ಮಾಡಲಿ, ಅಜ್ಜ ಅಜ್ಜಿ ತಾಳೆ ನೋಡಲಿ.

ಮುಂದಿನ ವಾರ ಸಿಗೋಣ.
ನಿಮ್ಮ ಲೆಕ್ಕದ ಅಜ್ಜ