ಕೊಂಡ ತಂತ್ರಾಂಶದ ಬೀಗ ಯಾರ ಕೈಯಲ್ಲಿ?

ಗಾಂಧಿ ಬಜಾರಿನ ಅಂಗಡಿಯವರಿಗೂ ಚಾಮರಾಜಪೇಟೆಯ ಲೆಕ್ಕಿಗರಿಗೂ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಹೊಸದಲ್ಲ. ಬೆಂಗಳೂರಿನದೇ ಆದ ಈ ತಂತ್ರಾಂಶದ ಲೈಸೆನ್ಸನ್ನು ಅಂತರ್ಜಾಲದ ಮೂಲಕ ಚಾಲೂ ಮಾಡಿಕೊಳ್ಳಬಹುದು. ಬೇರೆ ಕಂಪ್ಯೂಟರಿಗೆ ಒಯ್ಯಬೇಕಾದರೆ ಹಳೆಯದರಲ್ಲಿ ‘ಸರೆಂಡರ್’ ಮಾಡಬೇಕು. ನಕಲು ತಡೆಯಲು ಈ ಬೀಗ ಸರಿಯೇ. ದುಡಿದವರಿಗೆ ದುಡ್ಡು ಸಿಗಬೇಕಲ್ಲ!

ಆದರೆ ಹೀಗೆ ಚಾಲೂ ಮಾಡಿಕೊಡುವ (ಆಕ್ಟಿವೇಶನ್) ಸರ್ವರನ್ನೇ ಕಂಪನಿಯೊಂದು ಮುಚ್ಚಿಬಿಟ್ಟರೆ?

2013ರ ಹೊತ್ತಿಗೆ ಅಡೋಬಿ ತನ್ನ ಸಿಎಸ್2 ತಂತ್ರಾಂಶ ಸರಣಿಯ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ಹಳೆಯ ಗ್ರಾಹಕರಿಗೆ ಆಕ್ಟಿವೇಶನ್ ಬೇಡದ ಆವೃತ್ತಿ ಕೊಟ್ಟಿತು. ಅದು ಕಂಪನಿಯ ಔದಾರ್ಯ, ಗ್ರಾಹಕರ ಹಕ್ಕಲ್ಲ. ಬೀಗ ಮಾರಿದವರ ಕೈಯಲ್ಲೇ ಉಳಿದರೆ ಏನಾಗಬಹುದೆಂಬುದಕ್ಕೆ ಇನ್ನೊಂದು ಉದಾಹರಣೆ: 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಆರ್ವೆಲ್‌ನ ‘1984’ ಕಾದಂಬರಿಯನ್ನು ಓದುಗರ ಇ-ಪುಸ್ತಕ ಸಾಧನ ಕಿಂಡಲ್‌ಗಳಿಂದ ಕೂತಲ್ಲಿಂದಲೇ ಅಳಿಸಿ, ಹಣ ಮರಳಿಸಿತ್ತು. ದಾಖಲೆಗಳನ್ನೇ ಅಳಿಸಿಹಾಕುವ ಆಡಳಿತದ ಕಥೆ ಹೇಳುವ ಅದೇ ಕಾದಂಬರಿ ಆಗಬೇಕೆ!

ಪೂರ್ತಿ ಹಣ ತೆತ್ತು ಕೊಂಡ ತಂತ್ರಾಂಶಕ್ಕೆ, ಸರ್ವರ್ ನಿಲ್ಲಿಸುವ ಮುನ್ನ ಬೀಗವಿಲ್ಲದ ಆವೃತ್ತಿ ಕೊಡುವುದನ್ನು ಕಾನೂನು ಕಡ್ಡಾಯ ಮಾಡಬೇಕು. ಆಕ್ಟಿವೇಶನ್ ಸೇವೆ ಎಷ್ಟು ವರ್ಷ ಇರುತ್ತದೆಂದು ಬಿಲ್ಲಿನಲ್ಲೇ ಮುದ್ರಿಸಲಿ.