ಒಂದೇ ಒಂದು ಕಡ್ಡಾಯ ತರಗತಿ

ಲಿಬರಲ್ ಆರ್ಟ್ಸ್ ಕಾಲೇಜು ಎಂದರೆ ಬಿ.ಎ. ಕಲಿಸುವ ಕಾಲೇಜು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆಗಳು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಆ ಹೆಸರು ಬಂದಿದೆ. ಮಧ್ಯಯುಗದ ಯುರೋಪು ಎಣಿಸಿದ ಇಂಥ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ಭಾಷಣಕಲೆಗಳ ಜೊತೆಗೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಶಾಸ್ತ್ರಗಳೂ ಇದ್ದವು. ಹಾಗಾಗಿ ಇಂದಿಗೂ ಈ ಕಾಲೇಜುಗಳಲ್ಲಿ ಚರಿತ್ರೆಯಂತೆ ಭೌತಶಾಸ್ತ್ರವೂ ಇರುತ್ತದೆ.

ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜನ್ನು ನೋಡೋಣ. ಮುಸುಕಿನ ಜೋಳ ಬೆಳೆಯುವ ಸೀಮೆಯ ಒಂದು ಸಣ್ಣ ಊರು. ಕಾಲೇಜಿನ ಮೂಲ 1846ರದು. ವಿದ್ಯಾರ್ಥಿಗಳು ಸುಮಾರು 1,700. ನಮ್ಮ ನಗರಗಳ ಕೆಲವು ಪಿಯು ಕಾಲೇಜುಗಳಲ್ಲೇ ಇದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ.

ಇಲ್ಲಿಗೆ ಬಂದ ಹೊಸ ವಿದ್ಯಾರ್ಥಿನಿ ತನ್ನ 'ಮೇಜರ್', ಅಂದರೆ ಪದವಿಯ ಮುಖ್ಯ ವಿಷಯ, ಯಾವುದೆಂದು ಕೂಡಲೇ ಹೇಳಬೇಕಿಲ್ಲ. ಅದಕ್ಕೆ ಎರಡನೇ ವರ್ಷದವರೆಗೆ ಸಮಯವಿದೆ. ಸೆಮಿಸ್ಟರಿಗೆ ಸಾಮಾನ್ಯವಾಗಿ ನಾಲ್ಕು ಕೋರ್ಸ್. ರಸಾಯನಶಾಸ್ತ್ರ, ಸ್ಪ್ಯಾನಿಷ್, ಅರ್ಥಶಾಸ್ತ್ರಗಳನ್ನು ಒಟ್ಟಿಗೇ ಓದಬಹುದು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಪಿಸಿಎಂಬಿಯೋ ಕಾಮರ್ಸೋ ಎಂದು ನಿಶ್ಚಯಿಸಿದ ನಮ್ಮ ಹುಡುಗಿಯೊಬ್ಬಳು ಅಲ್ಲಿಗೆ ಹೋದರೆ, ಈ ಸ್ವಾತಂತ್ರ್ಯ ಮೊದಲು ಹಿತವೆನಿಸಿ ಆಮೇಲೆ ಗಾಬರಿ ಹುಟ್ಟಿಸೀತು. ಎಲ್ಲವನ್ನೂ ಆರಿಸಬಹುದಾದಾಗ ಯಾವುದನ್ನು ಆರಿಸುವುದು?

ಈ ಗಾಬರಿಗೆ ಕಾಲೇಜು ಕಂಡುಕೊಂಡ ಉಪಾಯವೇ ಮೊದಲ ಸೆಮಿಸ್ಟರಿನ 'ಟ್ಯುಟೋರಿಯಲ್'. ಮೇಜರ್‌ನ ಕೋರ್ಸುಗಳನ್ನು ಬಿಟ್ಟರೆ, ಎಲ್ಲರೂ ಓದಲೇಬೇಕಾದ ಕೋರ್ಸ್ ಇದೊಂದೇ. ಫೇಲಾದವರಿಗೆ ಪಾಠ ಹೇಳುವ ನಮ್ಮೂರುಗಳ ಟ್ಯುಟೋರಿಯಲ್ಲಿಗೂ ಇದಕ್ಕೂ ಹೆಸರಿನ ನಂಟಷ್ಟೇ. ಹನ್ನೆರಡರ ಆಸುಪಾಸಿನ ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕ, ಅಧ್ಯಾಪಕರೇ ಆರಿಸಿಕೊಂಡ ಒಂದು ವಿಚಾರ. ಓದಿದ್ದನ್ನು ಪ್ರಶ್ನಿಸುವುದು, ವಾದ ಕಟ್ಟುವುದು, ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು ಇಲ್ಲಿನ ಅಭ್ಯಾಸ.

ಸಣ್ಣ ತರಗತಿ ಕೆಲಸ ಮಾಡುವ ಬಗೆ ಸರಳ. ಹನ್ನೆರಡು ಜನರ ನಡುವೆ ಹಿಂದಿನ ಬೆಂಚು ಇರುವುದಿಲ್ಲ. ತಲೆ ತಗ್ಗಿಸಿ ನೋಟ್ಸ್ ಬರೆದುಕೊಳ್ಳುವುದೇ ವಿನಯವೆಂದು ಕಲಿತವಳ ಮೌನ, ಇಲ್ಲಿ ಓದಿಕೊಂಡು ಬಂದಿಲ್ಲ ಎಂಬ ಅರ್ಥ ಕೊಡಬಹುದು. ಮೊದಲ ಪ್ರಬಂಧ ಅಂಚಿನ ತುಂಬ ಪ್ರಶ್ನೆಗಳನ್ನು ಹೊತ್ತು ಹಿಂದಿರುಗಿದಾಗ, ಶಾಲೆಯಲ್ಲಿ ಸದಾ ಮುಂದಿದ್ದವಳಿಗೂ ಮುಖ ಬಾಡುತ್ತದೆ. ಆಗ 'ಆಫೀಸ್ ಅವರ್ಸ್' ನೆರವಿಗೆ ಬರುತ್ತದೆ. ವಿದ್ಯಾರ್ಥಿಗಳಿಗೆಂದೇ ಅಧ್ಯಾಪಕರು ಬಾಗಿಲು ತೆರೆದು ಕೂರುವ ಹೊತ್ತು ಅದು. ಮೇಜರ್ ಗೊತ್ತುಮಾಡಿಕೊಳ್ಳುವವರೆಗೆ ಟ್ಯುಟೋರಿಯಲ್ಲಿನ ಅಧ್ಯಾಪಕರೇ ಅವಳ ಸಲಹೆಗಾರರು ಕೂಡ. ಮುಂದಿನ ಕೋರ್ಸುಗಳ ಬಗ್ಗೆ ಮಾತಾಡುವವರು ಅವಳ ಬರಹವನ್ನು ವಾರಗಟ್ಟಲೆ ಓದಿರುತ್ತಾರೆ. ಎಲ್ಲಿ ಎಡವುತ್ತಾಳೆ, ಯಾವುದಕ್ಕೆ ಕಣ್ಣರಳಿಸುತ್ತಾಳೆ ಎಂಬುದನ್ನು ಬಲ್ಲರು.

ಎಡವುವುದಕ್ಕೂ ಅವಕಾಶ ಬೇಕಲ್ಲ. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ ಗ್ರೇಡುಗಳೇ ಇರುವುದಿಲ್ಲ. ಉತ್ತೀರ್ಣರೋ ಅಲ್ಲವೋ ಎಂಬುದಷ್ಟೇ ದಾಖಲಾಗುತ್ತದೆ. ಅಂಕದ ಭಯವಿಲ್ಲದೆ ಅಪರಿಚಿತ ವಿಷಯಕ್ಕೆ ಕೈಹಾಕಲಿ ಎಂಬುದು ಇದರ ಹಿಂದಿನ ಲೆಕ್ಕ.

ಅಧ್ಯಾಪಕರ ಒಡನಾಟದಿಂದ ಏನಾಗಬಹುದು ಎಂಬುದಕ್ಕೆ ಗ್ರಿನೆಲ್‌ನ ಹಳೆಯ ವಿದ್ಯಾರ್ಥಿ ರಾಬರ್ಟ್ ನಾಯ್ಸ್ ಒಂದು ನಿದರ್ಶನ. ಆಗಷ್ಟೇ ಹುಟ್ಟಿದ್ದ ಟ್ರಾನ್ಸಿಸ್ಟರನ್ನು ಅವರಿಗೆ ಪರಿಚಯಿಸಿದವರು ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕ ಗ್ರ್ಯಾಂಟ್ ಗೇಲ್. 1949ರಲ್ಲಿ ಪದವಿ ಪಡೆದ ನಾಯ್ಸ್, 1968ರಲ್ಲಿ ಇಂಟೆಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು.

ಇದೆಲ್ಲ ಅಗ್ಗವಲ್ಲ. ಇಂಥ ಅನೇಕ ಕಾಲೇಜುಗಳ ಘೋಷಿತ ವೆಚ್ಚ ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟಿದೆ. ಆರ್ಥಿಕ ನೆರವು ಸಿಕ್ಕವರಿಗೆ ಹೊರೆ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಕೆಲವೇ ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬುದೇ ಈ ವೆಚ್ಚದ ಒಂದು ದೊಡ್ಡ ಕಾರಣ.

ಕರ್ನಾಟಕವು 2021ರಲ್ಲಿ ನಾಲ್ಕು ವರ್ಷದ ಪದವಿ ವ್ಯವಸ್ಥೆಗೆ ಹೋಗಿ 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಚರ್ಚೆಯ ಬಹುಪಾಲು ವರ್ಷಗಳ ಎಣಿಕೆಯಲ್ಲೇ ಕಳೆಯಿತು. ಗ್ರಿನೆಲ್ ನಮ್ಮಲ್ಲಿ ಆಗುವುದು ಕಷ್ಟ, ಆಗಬೇಕೆಂದೂ ಇಲ್ಲ. ಆದರೆ ಮೊದಲ ಸೆಮಿಸ್ಟರಿನಲ್ಲಿ ಒಂದೇ ಒಂದು ಸಣ್ಣ ತರಗತಿ, ಕನ್ನಡದಲ್ಲೇ ಬರೆದ ಒಂದು ಪ್ರಬಂಧವನ್ನು ಎರಡು ಸಲ ಓದಿ ತಿದ್ದಿಸುವ ಒಬ್ಬ ಮೇಷ್ಟ್ರು, ಇಷ್ಟು ನಮಗೂ ಎಟುಕೀತು. ಅದಕ್ಕೆ ಬೇಕಾದದ್ದು ಖಾಲಿ ಬಿದ್ದಿರುವ ಅಧ್ಯಾಪಕರ ಹುದ್ದೆಗಳನ್ನು ತುಂಬುವ ಮನಸ್ಸು.